ಇನ್ನೊಬ್ಬನ ನೀರು ಬಿದ್ದ ಗಾಜು

ಕೋವಿಡ್ ಕಾಟ ಮುಗಿದ ಮರುವರ್ಷದ ಬೇಸಿಗೆ. ಆಗ ನಾನು ಇಂಡಿ ಊರಿನಲ್ಲಿದ್ದುಕೊಂಡು ಕಟ್ಟಡಗಳ ಗಾಜು ಒರೆಸುವ ಸ್ವಂತ ಉದ್ಯೋಗ ಮಾಡುತ್ತಿದ್ದೆ. ಹುದ್ದೆ ಯಾವುದೆಂದು ಕೇಳಿದರೆ ಮಾಲೀಕನೂ ನಾನೇ, ಜವಾನನೂ ನಾನೇ. ನಮ್ಮದು ಮಾಸ್ತರರ ಮನೆತನ. ಪುಣೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಈ ಕೆಲಸ ಕಲಿತು ಊರಿಗೆ ಬಂದಾಗ ನಮ್ಮ ಮೌಶಿ, ಅವ್ವನ ತಂಗಿ, "ವಾಮನ್ಯಾ, ಗಾಜ ಒರಸಾಕ ಒಬ್ಬ ಮನಶ್ಯಾ ಬೇಕೇನೋ? ಅರಿವಿ ಇದ್ರ ಸಾಕಲ್ಲ?" ಎಂದಿದ್ದಳು. ಅರಿವೆ ಇದ್ದರೆ ಸಾಕು ಎಂದುಕೊಂಡವರೇ ಈ ಕಸುಬನ್ನು ಹಾಳು ಮಾಡಿದ್ದು. ಈ ಕಥೆಯೂ ಅಂಥವನೊಬ್ಬನದೇ.

ಈಚೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆ ಗಾಜಿನ ಮುಖದ ಕಟ್ಟಡಗಳು ಎದ್ದಿವೆ. ನಮ್ಮ ಬಿಸಿಲಿಗೆ ಗಾಜಿನ ಗೋಡೆ ಕಟ್ಟಿಸಿ, ಒಳಗೆ ಬೆಂದು, ಆಮೇಲೆ ಪರದೆ ಹಾಕಿಕೊಳ್ಳುವವರ ಬುದ್ಧಿಗೆ ಏನು ಹೇಳಬೇಕೋ ತಿಳಿಯದು. ಆದರೆ ನನ್ನ ಹೊಟ್ಟೆ ತುಂಬುವುದು ಆ ಬುದ್ಧಿಯಿಂದಲೇ. ಆದ್ದರಿಂದ ಅವರನ್ನು ಬೈಯುವುದು ಇಲ್ಲಿಗೆ ಸಾಕು.

ನಮಗೆ ಸಂಘವಿಲ್ಲ, ಕಚೇರಿಯಿಲ್ಲ. ಇಂಡಿ, ಸಿಂದಗಿ ನನ್ನವು. ಉಳಿದೆರಡು ಊರುಗಳಲ್ಲಿ ಬೇರೆ ಇಬ್ಬರು ಹಳಬರು ಇದ್ದಾರೆ. ನಮ್ಮೊಳಗೆ ಕೆಲವು ಮಾತುಗಳು ನಡೆದುಬಂದಿವೆ. ಹೊಸ ಕಡೆಯಿಂದ ಕರೆ ಬಂದರೆ ಮೊದಲು ಉಳಿದವರಿಗೆ ಫೋನು ಹಚ್ಚಿ, "ಇಲ್ಲಿ ನಿಮ್ಮ ನೀರು ಬಿದ್ದೈತೇನ್ರಿ?" ಎಂದು ಕೇಳಬೇಕು. ನೀರು ಬೀಳುವುದೆಂದರೆ ಅಲ್ಲಿ ಆಗಲೇ ಗಾಜು ತೊಳೆದಿರುವುದು. ಬಿದ್ದಿದೆ ಎಂದರೆ ಆ ಗಾಜು ಅವನದು. ಅವನು ಬಿಟ್ಟುಕೊಡುವ ತನಕ ಮುಟ್ಟುವಂತಿಲ್ಲ. ಇನ್ನೊಬ್ಬನ ಕೆಲಸದಲ್ಲಿ ತಪ್ಪು ಕಂಡರೆ ಮಾಲೀಕನ ಕಿವಿಯಲ್ಲಿ ಊದದೆ ಅವನ ಎದುರಿಗೇ ಹೇಳಬೇಕು. ಇನ್ನು ಹೊಸ ಕಟ್ಟಡವಾದರೆ, ಕೈ ಹಚ್ಚುವ ಮುಂಚೆ ಮಾಲೀಕನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಬಿಸಿಲಲ್ಲಿ ಒಂದೊಂದು ಗಾಜನ್ನೂ ತೋರಿಸಬೇಕು. ಇದ್ದ ಗೀರು ಯಾವುದು, ನಾವು ಎಳೆದದ್ದು ಯಾವುದು ಎಂಬ ಜಗಳ ಆಗಲೇ ಮುಗಿಯುತ್ತದೆ. ಇಷ್ಟಕ್ಕೆ ದೊಡ್ಡ ಓದೇನೂ ಬೇಕಿಲ್ಲ, ಮಾನ ಇದ್ದರೆ ಸಾಕು.

ದೇವಣಗಾಂವದ ಸಿದ್ರಾಮನಿಗೆ ಅದೊಂದೇ ಕಡಿಮೆಯಿತ್ತು. ಯಾವುದೋ ವಿಡಿಯೋ ನೋಡಿ ಗಾಜು ಒರೆಸಲು ಕಲಿತ ಭೂಪ. ಅಂಗಿಯ ಬೆನ್ನ ಮೇಲೆ 'ಗ್ಲಾಸ್ ಡಾಕ್ಟರ್' ಎಂದು ಅಚ್ಚು ಹಾಕಿಸಿಕೊಂಡಿದ್ದ. ನಮ್ಮ ಕಡೆ ಬೋರಿನ ನೀರು ಸವಳು. ಅದರಿಂದ ತೊಳೆದು ಹಾಗೇ ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬೇಕು ಎಂಬುದೂ ಈ ಡಾಕ್ಟರಿಗೆ ತಿಳಿದಿರಲಿಲ್ಲ. ಸಿಂದಗಿಯ ಒಂದು ಕಲ್ಯಾಣ ಮಂಟಪದಲ್ಲಿ ವರ್ಷಗಳಿಂದ ನನ್ನ ನೀರು ಬೀಳುತ್ತಿತ್ತು. ಈತ ಅಲ್ಲಿಗೆ ಹೋಗಿ, "ವಾಮನರಾವ್ ಹಚ್ಚೋ ಸಾಬೂನಿಗೆ ಗಾಜಿನ ಆಯುಷ್ಯ ಕಡಿಮಿ ಆಗ್ತೈತ್ರಿ" ಎಂದು ಹೇಳಿ ಆ ಕೆಲಸ ಹೊಡೆದುಕೊಂಡ. ಗಾಜಿಗೆ ಆಯುಷ್ಯವಂತೆ! ಆ ದಿನದಿಂದ ಅವನ ಮುಖ ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ.

ಹೀಗಿರುವಾಗ ಸಿಂದಗಿಯಿಂದ ಒಬ್ಬ ಕಾಂಟ್ರಾಕ್ಟರನ ಫೋನು ಬಂತು. ಅಲ್ಲಿ ಒಂದು ಹೊಸ ಕಣ್ಣಿನ ಆಸ್ಪತ್ರೆ. ಅದರ ಒಡತಿ ಒಬ್ಬ ಡಾಕ್ಟರಮ್ಮ. ಉದ್ಘಾಟನೆ ಹತ್ತಿರ ಬಂದಿತ್ತು. ಮುಂಭಾಗದ ಗಾಜಿನ ತುಂಬ ಗೀರುಗಳು. ಸಿದ್ರಾಮ ಒರೆಸಿದ ಮೇಲೆ ಹೀಗಾಗಿದೆ, ಅವನ ಏಣಿ, ಹಗ್ಗ, ಸಾಮಾನೆಲ್ಲ ಕಟ್ಟಡದ ಕೋಣೆಯಲ್ಲಿ ಹಾಕಿ ಬೀಗ ಜಡಿದಿದ್ದೇನೆ, ಹೊಸ ಗಾಜು ಹಾಕಿಸಿಕೊಡುವ ತನಕ ಬಿಡುವುದಿಲ್ಲ ಎಂದ. ನಾನು ಬಂದು ನೋಡಿ ಡಾಕ್ಟರಮ್ಮನ ಮುಂದೆ ಒಂದು ಮಾತು ಹೇಳಬೇಕಿತ್ತು.

ಸುಳ್ಳೇಕೆ, ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಏಣಿ ಹೋದರೆ ಅವನ ಕಸುಬು ಹೋಯಿತು. ಇಡೀ ಮುಂಭಾಗಕ್ಕೆ ಹೊಸ ಗಾಜು ಹಾಕಿಸಿಕೊಡುವ ತಾಕತ್ತು ಅವನಿಗೆಲ್ಲಿಂದ ಬರಬೇಕು? ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಮರುದಿನ ಬೆಳಿಗ್ಗೆ ಸಿಂದಗಿಯ ಬಸ್ಸು ಹತ್ತಿದೆ.

ಕಾಂಟ್ರಾಕ್ಟರ್ ಬಾಗಿಲಲ್ಲೇ ಕಾಯುತ್ತಿದ್ದ. ಧೂಳಿನ ಕೆಲಸದ ನಡುವೆ ಬಿಳಿ ಬೂಟು ಹಾಕಿಕೊಂಡು ನಿಲ್ಲುವ ಜಾತಿ. ಕಾಲಿಗೆ ಒಂದು ಚಿಟಿಕೆ ಸಿಮೆಂಟೂ ತಾಗಿರಲಿಲ್ಲ. ಚಹ ತರಿಸಿ, ಭುಜದ ಮೇಲೆ ಕೈ ಹಾಕಿ, "ವಾಮನರಾವ್, ಗೀರು ಅಂವ ಗಾಜ ಕೆರಿಯೋ ಬ್ಲೇಡಿಂದ ಬಿದ್ದಾವು ಅಂತ ನೀವು ಹೇಳಿದ್ರ ಮುಗೀತು. ಈ ದವಾಖಾನಿ ನಿಮ್ಮದು. ಮುಂದ ನಾ ಕಟ್ಟೋವೆಲ್ಲಾ ನಿಮ್ಮವ" ಎಂದ.

"ಗಾಜು ನೋಡೂದಕ್ಕಿಂತ ಮೊದಲ ಹೇಳ್ಲೇನ್ರಿ?" ಎಂದೆ.

"ನೋಡೂದೇನೈತ್ರಿ ಅದರಾಗ? ನಿಮಗೂ ಅಂವಗೂ ಎಣ್ಣಿ ಸೀಗಿಕಾಯಿ ಅಂತ ಊರಿಗೇ ಗೊತ್ತೈತಿ."

ನನಗೆ ರೇಗಿದ್ದು ಇಲ್ಲಿ. ಸಿದ್ರಾಮನನ್ನು ನಾನು ಕಡೆಗಣ್ಣಿಂದ ನೋಡುತ್ತಿದ್ದುದು ಅವನಿಗೆ ಕಸುಬು ಬಾರದೆಂದು, ನಡತೆ ಬಾರದೆಂದು. ಈ ಬಿಳಿ ಬೂಟಿನವನು ಆ ತಿರಸ್ಕಾರವನ್ನು ಬಾಡಿಗೆಗೆ ಕೇಳುತ್ತಿದ್ದ. ನಾನು ಹೊರಗೆ ಬಂದು ಸಿದ್ರಾಮನಿಗೆ ಫೋನು ಹಚ್ಚಿದೆ. ಅಷ್ಟು ದಿನದಲ್ಲಿ ಅವನಿಗೆ ನಾನು ಮಾಡಿದ ಮೊದಲ ಫೋನು ಅದು.

"ಸಿದ್ರಾಮ, ಸಿಂದಗಿ ದವಾಖಾನಿ ಮುಂದ ನಿಂತೇನಿ. ಇಲ್ಲಿ ನಿನ್ನ ನೀರು ಬಿದ್ದೈತಿ. ನೀ ಬರೂತನಕಾ ನಾ ಗಾಜ ಮುಟ್ಟೂದಿಲ್ಲ. ಬಾ."

ಅವನು ಬಂದ. ಬೆನ್ನ ಮೇಲೆ ಗ್ಲಾಸ್ ಡಾಕ್ಟರ್ ಇದ್ದೇ ಇತ್ತು, ಮುಖದಲ್ಲಿ ಮಾತ್ರ ರಕ್ತವಿರಲಿಲ್ಲ. ನಿಜವಾದ ಡಾಕ್ಟರಮ್ಮನೂ ಇಳಿದು ಬಂದರು.

ನಾನು ಅವರೆದುರಿಗೇ ಕೇಳಿದೆ: "ಕೈ ಹಚ್ಚೂಕಿಂತ ಮುಂಚೆ ಮೇಡಮ್ಮರಿಗೆ ಗಾಜ ತೋರಿಸಿದ್ಯೇನು?"

"ಇಲ್ರಿ ಕಾಕಾ. ಲಗೂನ ಮುಗಸು ಅಂದ್ರು, ಸೀದಾ ಸುರು ಮಾಡಿದ್ನಿರಿ."

"ಕತ್ತೆ ಕಾಯೂ ಲಾಯಕ್ ಇಲ್ಲ ನೀನು" ಎಂದೆ. ಕಾಂಟ್ರಾಕ್ಟರ್ ಹಲ್ಲು ಕಿರಿದ.

ಆಮೇಲೆ ನಾನು ಅವನ ಕಡೆ ತಿರುಗಿ, "ಸಿದ್ರಾಮ ಬಂದಾಗ ಈ ಕಂಬಗಳ ಬಣ್ಣ ಆಗಿತ್ತೇನ್ರಿ?" ಎಂದು ಕೇಳಿದೆ. ಕಂಬಗಳಿಗೆ ತಿಳಿಹಸಿರು ಬಣ್ಣ ಬಳಿದಿದ್ದರು.

"ಆಗಿ ಒಣಗಿತ್ತು. ಬಣ್ಣದ ಹನಿ ತಗಿಯಾಕ ಅಲ್ಲೇನ್ರಿ ಅಂವನ್ನ ಕರೆಸಿದ್ದು? ಅಂವನ ನಂತರ ಒಂದು ಹುಳಾನೂ ಗಾಜ ಮುಟ್ಟಿಲ್ಲ" ಎಂದ, ಇನ್ನೂ ಜೋರಾಗಿ.

ನಾನು ಗಾಜಿನ ಮೇಲೆ ಫಿಲ್ಟರ್ ನೀರು ಹೊಡೆದೆ. ಓದುಗರಿಗೆ ಒಂದು ಮಾತು ವಿವರಿಸಬೇಕು. ಗೀರು ಬಿದ್ದ ಗಾಜು ಒಣಗಿದಾಗ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತದೆ. ನೀರು ಹೊಡೆದರೆ ನೀರು ಗೀರಿನೊಳಗೆ ತುಂಬಿಕೊಂಡು, ಒಣಗುವ ತನಕ ಗೀರು ಕಣ್ಣಿಗೆ ಕಾಣುವುದಿಲ್ಲ. ಈ ಗಾಜನ್ನು ಒದ್ದೆ ಮಾಡಿದಾಗ ಬಿಳಿ ಹೊಳಪೇನೋ ಹೋಯಿತು, ಗೀರು ಹೋಗಲಿಲ್ಲ. ಎಳೆ ಎಳೆಯಾಗಿ ತಿಳಿಹಸಿರು ಗೆರೆಗಳು ಎದ್ದು ನಿಂತವು.

ಡಾಕ್ಟರಮ್ಮ ಒಳಗಿನಿಂದ ತಮ್ಮ ಭೂತಗನ್ನಡಿ ತಂದು ಬಹಳ ಹೊತ್ತು ನೋಡಿದರು. ಒಂದು ಸೂಜಿಯಿಂದ ಗೀರಿನೊಳಗಿದ್ದುದನ್ನು ಕೆದರಿ ಉಗುರಿನ ಮೇಲೆ ಇಟ್ಟುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಅವರು ಕಾಂಟ್ರಾಕ್ಟರನನ್ನು ಕೇಳಿದರು: "ಬಣ್ಣ ಗೀರಿನ ಒಳಗ ಹೋಗೇತಲ್ರಿ. ಅಂದಮ್ಯಾಲ ಬಣ್ಣಕ್ಕಿಂತ ಮೊದಲ ಗೀರು ಇತ್ತು. ಬಣ್ಣಕ್ಕಿಂತ ಮೊದಲ ಈ ಗಾಜ ಯಾರು ತಿಕ್ಕಿದ್ರು?"

ಬಿಳಿ ಬೂಟು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿತು. ಕೊನೆಗೆ ಸಂಗತಿ ಹೊರಬಿತ್ತು. ನೆಲಕ್ಕೆ ಫರ್ಶಿ ಕಲ್ಲು ಹಾಕುವಾಗ ಗಾಜಿನ ಮೇಲೆ ಸಿಮೆಂಟು ಸಿಡಿದಿತ್ತು. ಅದು ಗಟ್ಟಿಯಾದ ಮೇಲೆ ಅವನದೇ ಆಳುಗಳು ನೀರಿಲ್ಲದೆ, ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರಿನಿಂದ ಅದನ್ನು ತಿಕ್ಕಿದ್ದರು. ಹೇಳಿ ತಿಕ್ಕಿಸಿದವನೂ ಅವನೇ. ಕುಣಿಯಲಾರದವನಿಗೆ ನೆಲ ಡೊಂಕು ಎಂಬಂತೆ, ತನ್ನ ತಪ್ಪು ಮುಚ್ಚಿಕೊಳ್ಳಲು ಕೈಗೆ ಸಿಕ್ಕವನ ಏಣಿ ಹಿಡಿದಿಟ್ಟಿದ್ದ.

"ಮೊದಲ ಇಂವನ ಸಾಮಾನು ಹೊರಗ ತಗೀರಿ" ಎಂದರು ಡಾಕ್ಟರಮ್ಮ. ಕೋಣೆಯ ಬೀಗ ತೆರೆಯಿತು. ಸಿದ್ರಾಮ ತನ್ನ ಏಣಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಗೇಟಿನ ತನಕ ಬಂದವನು ಅಳಲು ಶುರು ಮಾಡಿದ.

"ಕಾಕಾ, ನನ್ನ ಮ್ಯಾಲ ನಿಮಗಿಷ್ಟ ಅಂತಃಕರಣ ಐತಿ ಅಂತ ತಿಳಿದಿದ್ದಿಲ್ರಿ."

"ಅಂತಃಕರಣ ಗಿಂತಃಕರಣ ಏನಿಲ್ಲ. ನಿನ್ನ ಮ್ಯಾಲ ನನಗ ಎಳ್ಳಷ್ಟೂ ಮರ್ಯಾದಿ ಇಲ್ಲ. ಗೀರು ನಿಂದಲ್ಲ, ಅಷ್ಟ ಹೇಳೇನಿ. ಅಂಗಿ ಬದಲಿಸು" ಎಂದು ಬಸ್ ನಿಲ್ದಾಣದ ಕಡೆ ನಡೆದೆ. ಮುಂದೆ ಆಸ್ಪತ್ರೆಯ ಕೆಲಸ ನನಗೆ ಕೊಡಲು ಡಾಕ್ಟರಮ್ಮ ಫೋನು ಮಾಡಿದರು. ಅಲ್ಲಿ ಇನ್ನೊಬ್ಬನ ನೀರು ಬಿದ್ದಿದೆ ಎಂದು ಹೇಳಿ ಒಪ್ಪಲಿಲ್ಲ.

ಸಿದ್ರಾಮ ಸುಧಾರಿಸಿದನೆಂದು ಬರೆದರೆ ಓದುವವರಿಗೆ ಹಿತವಾಗಬಹುದು. ಅವನು ಸಿಂದಗಿ ತುಂಬ, "ಇಂಡಿಯ ವಾಮನರಾವ್ ಖುದ್ದ ಬಂದು ನನ್ನ ಕೆಲಸಾ ಪಾಸ್ ಮಾಡ್ಯಾರ" ಎಂದು ಹೇಳಿಕೊಂಡು ತಿರುಗಿದ. ಅಂಗಿಯನ್ನೂ ಬದಲಿಸಲಿಲ್ಲ. ನಾನು ಮತ್ತೆ ರಸ್ತೆಯ ಆಚೆ ಬದಿಯಲ್ಲೇ ನಡೆಯತೊಡಗಿದೆ.

ಮಳೆಗಾಲ ಮುಗಿದು ಮದುವೆಯ ಹಂಗಾಮು ಬಂದಾಗ ಅವನ ಫೋನು ಬಂತು.

"ಕಾಕಾ, ಕಲ್ಯಾಣ ಮಂಟಪದ ಗೇಟಿನ್ಯಾಗ ನಿಂತೇನ್ರಿ. ಮ್ಯಾನೇಜರ್ ಕರದಾರ. ಕೈ ಹಚ್ಚೂಕಿಂತ ಮೊದಲ ಕೇಳ್ತೇನ್ರಿ... ಇಲ್ಲಿ ನಿಮ್ಮ ನೀರು ಬಿದ್ದೈತೇನ್ರಿ?"

ನನ್ನಿಂದಲೇ ಕಸಿದುಕೊಂಡು, ಹಲವು ಸಲ ಒರೆಸಿ ಉಂಡ ಗಾಜಿನ ಮುಂದೆ ನಿಂತು ಆ ಮೂರ್ಖ ಈಗ ಕೇಳುತ್ತಿದ್ದ! ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ: ಒಬ್ಬನನ್ನು ಎಷ್ಟು ಬೇಕಾದರೂ ಹೀನಾಯವಾಗಿ ಕಾಣಬಹುದು, ಆದರೆ ಅವನು ಸರಿಯಾಗಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲೇಬೇಕು.

"ಬಿದ್ದೈತಿ" ಎಂದೆ.

"ಹಂಗಾರ ಕೈ ಹಚ್ಚೂದಿಲ್ರಿ, ಹೊಳ್ಳಿ ಹೋಗ್ತೇನ್ರಿ" ಎಂದು ಅವನು ಫೋನು ಇಟ್ಟ.