ತೂತಿಲ್ಲದ ಗುಲಗಂಜಿ

ನಂಜನಗೂಡಿನ ನಮ್ಮ ಮನೆಯಲ್ಲಿ ಪಾಲಿಮರ್ ಕ್ಲೇ ಎಂಬ ಕೃತಕ ಜೇಡಿಯಿಂದ ಗುಲಗಂಜಿಯಂಥ ಮಣಿ ಮಾಡುತ್ತಿದ್ದೆ. ಕೆಂಪು ಉಂಡೆಗೆ ಕಪ್ಪು ಚುಕ್ಕಿ ಇಟ್ಟು, ಸೂಜಿಯಿಂದ ತೂತು ಮಾಡಿ, ಓವನ್‌ನಲ್ಲಿ ಬೇಯಿಸಿದ್ದೆ. ಮಾದರಿಗೆಂದು ತಂದ ನಿಜವಾದ ಗುಲಗಂಜಿಯೂ ಅದೇ ತಟ್ಟೆಯಲ್ಲಿತ್ತು. ತೂತಿಲ್ಲದ್ದು ಅದೊಂದೇ. ಅಗಿದರೆ ವಿಷ.

ಸೋಸಲೆಯಿಂದ ಬಂದಿದ್ದ ತಂಗಿ, “ಯಾವ್ದು ಅಸಲಿ ಅಂತ್ಲೇ ಗೊತ್ತಾಗಕಿಲ್ಲ ಕಣಕ್ಕ,” ಎಂದಳು. ಉಬ್ಬಿಹೋದೆ. ನನ್ನ ಜಂಬಕ್ಕಿಷ್ಟು ಬೆಂಕಿ ಹಾಕ! ತಿರುಗಿ ನೋಡಿದರೆ ಅವಳ ಮಗು ತಟ್ಟೆಯ ಪಕ್ಕ ಕೂತು ಬಾಯಿ ಆಡಿಸುತ್ತಿತ್ತು.

ಬಾಯಿಗೆ ಬೆರಳು ಹಾಕಿ ತಡಕಿದೆ, ಏನೂ ಸಿಗಲಿಲ್ಲ. ತಟ್ಟೆಯ ಮಣಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದೆ. ಎಲ್ಲಕ್ಕೂ ತೂತಿತ್ತು. ತಂಗಿ ಚೀರಿದಳು. ಮಗುವಿನ ಬಿಗಿದ ಮುಷ್ಟಿಯನ್ನು ಬಿಡಿಸಿದೆ.

ಬೀಜ ಅದರೊಳಗಿತ್ತು. ಒಡೆದಿರಲಿಲ್ಲ, ಆದರೆ ಜೊಲ್ಲಿನಿಂದ ಪೂರ್ತಿ ಒದ್ದೆಯಾಗಿತ್ತು.