ಅಮ್ಮನ ಸಂಘದ ಮನೆ ದಾಟಿ

ಅಲಬಾಮಾದ ಆ ಕಾಲೇಜಿನಲ್ಲಿ ಡೆಲ್ಫಿನ್‌ಳ ಅಜ್ಜಿ, ದೊಡ್ಡಮ್ಮ, ಅಮ್ಮ ಎಲ್ಲರೂ ಒಂದೇ ಸೊರಾರಿಟಿಯವರು, ಅಂದರೆ ಒಂದೇ ವಿದ್ಯಾರ್ಥಿನಿಯರ ಸಂಘದವರು. ಹೊಸ ಹುಡುಗಿಯರು ತಂತಮ್ಮ ಸಂಘದ ಮನೆ ಸೇರುವ ದಿನ ಅಮ್ಮ, ದೊಡ್ಡಮ್ಮ ಇಬ್ಬರೂ ಅಜ್ಜಿ ತೊಡುತ್ತಿದ್ದ ಸಂಘದ ಲಾಂಛನದ ಪಿನ್ನು ಹಿಡಿದು ತಮ್ಮ ಸಂಘದ ಮನೆಯೆದುರು ಕಾದಿದ್ದರು. ಡೆಲ್ಫಿನ್ ಅಲ್ಲಿ ನಿಲ್ಲದೆ ಪಕ್ಕದ ಇನ್ನೊಂದು ಸಂಘದ ಮನೆಯತ್ತ ನಡೆದಳು.

“ಏ ಹುಡುಗಿ, ನಮ್ಮನೆ ಇದು ಕಣೆ,” ಎಂದಳು ದೊಡ್ಡಮ್ಮ.

“ಗೊ… ಗೊತ್ತು ದೊಡ್ಡಮ್ಮ. ನಾನು ಆ ಮನೆ ಸೇರ್ತಿದೀನಿ.”

ಅಮ್ಮನ ಮುಖ ಕಪ್ಪಿಟ್ಟಿತು. “ನಾವೇನೇ ಕಡಿಮೆ ಮಾಡಿದ್ವಿ?”

“ಸೇರೋ ಮುಂಚೆ ಎಲ್ಲಾ ಮನೆಗೂ ಮಾತಾಡೋಕೆ ಹೋಗಿದ್ನಲ್ಲ, ಆಗ ಇಲ್ಲಿ ಎಲ್ರೂ ನಿನ್ನ ವಿಷಯಾನೇ ಕೇಳಿದ್ರು, ಅಮ್ಮ. ನಾನು ತೊದಲಿದಾಗ ಮಾತು ಅವರೇ ಮುಗಿಸಿದ್ರು. ಅಲ್ಲೊಬ್ಬಳು ನಾನು ಮುಗಿಸೋವರೆಗೂ ಸುಮ್ನೆ ಕೂತು ಕೇಳಿದ್ಲು.”

ದೊಡ್ಡಮ್ಮ ಪಿನ್ನನ್ನು ಕೈಚೀಲಕ್ಕೆ ಹಾಕಿ ಮುಖ ತಿರುಗಿಸಿದಳು. ಅಮ್ಮ ಮಗಳ ಕಾಲರು ಸರಿಮಾಡಿ, “ಹೋಗು,” ಎಂದಳು. ತಾನು ಮಾತ್ರ ಆ ಅಂಗಳಕ್ಕೆ ಕಾಲಿಡಲಿಲ್ಲ.