ಮೂರನೇ ತಟ್ಟೆಯ ಅಂಕ

ಮೀನಿನ ಹುರುಪೆಯ ಚುಕ್ಕಿ ನೋಡಿಯೇ ಹೊಟ್ಟೆ ಹೊರೆಯುವವರು ಲೋಕದಲ್ಲಿ ಎಷ್ಟು ಮಂದಿಯೋ ಕಾಣೆ, ಆ ಪ್ರಯೋಗಾಲಯದ ಎರಡನೇ ಮಹಡಿಯಲ್ಲಿ ಮಾತ್ರ ಒಬ್ಬಳಿದ್ದಳು. ಎಲ್ಲರಿಗೂ ಅವಳು ಚುಕ್ಕಿ ಅಕ್ಕ. ಇಪ್ಪತ್ತೆರಡು ವರ್ಷ ಅದೇ ಸ್ಟೂಲು, ಅದೇ ಸೂಕ್ಷ್ಮದರ್ಶಕ. ಪ್ರಯೋಗಾಲಯದ ಮುಖ್ಯಸ್ಥರಾಗಿ ಮೇಡಂಗಳು ನಾಲ್ಕು ಜನ ಬಂದು ಹೋದರು, ಇವಳ ಕಣ್ಣನ್ನು ಪ್ರಶ್ನಿಸಿದವರು ಒಬ್ಬರೂ ಇಲ್ಲ.

ಕೆಲಸ ಹೇಳಲಿಕ್ಕೆ ಸುಲಭ. ಹುರುಪೆಯೊಳಗೆ ಬಣ್ಣದ ಜೀವಕೋಶಗಳಿವೆ, ಅವುಗಳ ತುಂಬ ಕರಿ ಹುಡಿ. ಮೀನು ಹೆದರಿದರೆ ಮೈಯಲ್ಲಿ ಭಯದ ಹಾರ್ಮೋನು ಏರುತ್ತದೆ, ಹುಡಿಯೆಲ್ಲ ನಡುವಿಗೆ ಮುದುಡಿ ಚುಕ್ಕಿಯಾಗುತ್ತದೆ, ಮೀನು ಬಿಳಿಚಿಕೊಳ್ಳುತ್ತದೆ. ಭಯ ಇಳಿದರೆ ಹುಡಿ ಮತ್ತೆ ರೆಂಬೆ ರೆಂಬೆಯಾಗಿ ಹರಡುತ್ತದೆ. ಮುದುಡಿದ್ದಕ್ಕೆ ಒಂದು ಅಂಕ, ಪೂರ್ತಿ ಹರಡಿದ್ದಕ್ಕೆ ಐದು. ಕಿತ್ತ ಹುರುಪೆಯನ್ನು ಪರೀಕ್ಷೆಯ ವಸ್ತುವಿನಲ್ಲಿ ನೆನೆಸಿಟ್ಟಾಗ ಹುಡಿ ಮತ್ತೆ ಹರಡದಿದ್ದರೆ, ಆ ವಸ್ತು ಜೀವಕೋಶಕ್ಕೆ ವಿಷ ಎಂದರ್ಥ. ಹುರುಪೆ ಕೀಳುವ ಮುಂಚೆ ಚುಕ್ಕಿ ಅಕ್ಕ ಮೀನನ್ನು ಒಂದು ಗಂಟೆ ಕಪ್ಪು ಬಕೆಟ್ಟಿನಲ್ಲಿ ಮುಚ್ಚಿಡುತ್ತಿದ್ದಳು. ಅವಸರ ಮಾಡಿದವರಿಗೆ, “ಹೆದರಿದ ಮೀನು ಸುಳ್ಳು ಹೇಳತ್ತೆ, ಸುಮ್ನಿರಿ” ಎಂದು ಗದರುತ್ತಿದ್ದಳು.

ಈ ಸಲ ಪರೀಕ್ಷೆಗೆ ಬಂದದ್ದು ಒಂದು ಹೊಸ ಸಿಹಿ. ಸಕ್ಕರೆಯ ಬದಲು ಚಹಾಕ್ಕೆ ಹಾಕುವ ಪುಟ್ಟ ಬಿಳಿ ಗುಳಿಗೆ. ಕಂಪನಿ ಕಳಿಸಿದ ಡಬ್ಬಗಳಿಂದ ಕಪಾಟು ತುಂಬಿತ್ತು. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಕಚೇರಿಯವರೆಲ್ಲ ಒಂದೊಂದು ಒಯ್ದರು. ಚುಕ್ಕಿ ಅಕ್ಕನೂ ಒಯ್ದಳು, ಮಗಳಿಗೆ. ಮಗಳಿಗೆ ಈಗ ಏಳು ತಿಂಗಳು. ಬಸಿರಿನಲ್ಲಿ ಸಕ್ಕರೆ ಏರಿ, ಸಿಹಿ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ಸಪ್ಪೆ ಚಹಾಕ್ಕೆ ಮುಖ ಹುಳ್ಳಗೆ ಮಾಡುತ್ತಿದ್ದವಳು ಎರಡು ತಿಂಗಳಿಂದ ದಿನಕ್ಕೆ ಆರು ಗುಳಿಗೆ ಹಾಕಿಕೊಂಡು ಹಾಯಾಗಿದ್ದಳು.

ಆ ದಿನ ಮೇಜಿನ ಮೇಲೆ ಹುರುಪೆಯ ಮೂರು ತಟ್ಟೆ. ಯಾವುದರಲ್ಲಿ ಏನಿದೆ ಎಂಬುದು ಮೇಡಂ ಅಂಟಿಸಿದ ಲಕೋಟೆಯೊಳಗಿತ್ತು. ಮೂರಕ್ಕೂ ಚುಕ್ಕಿ ಅಕ್ಕ ಭಯದ ಹಾರ್ಮೋನಿನ ಹನಿ ಬಿಟ್ಟಳು, ಚುಕ್ಕಿಗಳು ಮುದುಡಿದವು. ಉಪ್ಪುನೀರಲ್ಲಿ ತೊಳೆದಳು. ಹತ್ತು ನಿಮಿಷಕ್ಕೆ ಮೊದಲ ಎರಡು ತಟ್ಟೆಯವು ಹರಡಿಕೊಂಡವು. ಮೂರನೆಯದರಲ್ಲಿ ಒಂದೂ ಅಲುಗಲಿಲ್ಲ. ಅರ್ಧ ಗಂಟೆ ಕಾದಳು, ಮತ್ತೆ ತೊಳೆದಳು. ಕೆಲವು ಜೀವಕೋಶಗಳು ಒಡೆದು ಹುಡಿ ಹೊರಗೆ ಚೆಲ್ಲಿತ್ತು. ಒಂದು, ಒಂದು, ಒಂದು ಎಂದು ಬರೆದಳು.

ಮೇಡಂ ಲಕೋಟೆ ಒಡೆದರು. ಮೂರನೆಯದು ಆ ಗುಳಿಗೆ. ಚುಕ್ಕಿ ಅಕ್ಕ ತಾನು ಬರೆದ ಅಂಕಗಳನ್ನು ಮತ್ತೆ ಓದಿದಳು.

“ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕಂಪನಿಗೆ ಸಂಜೆಯೊಳಗೆ ವರದಿ ಬೇಕಂತೆ. ಇನ್ನೊಂದ್ಸಲ ಕೂತು ನೋಡಿ ಅಕ್ಕ,” ಎಂದರು ಮೇಡಂ.

ಲಕೋಟೆ ಒಡೆದ ಮೇಲೆ ಅಂಕ ಹಾಕಬಾರದು. ಹಾಗೆ ಮಾಡಿದವರಿಗೆ ಹಿಂದೆಲ್ಲ ಇವಳೇ ನೀರಿಳಿಸಿದ್ದಳು. ಇವತ್ತು ತಾನೇ ಹೋಗಿ ಸ್ಟೂಲಿನ ಮೇಲೆ ಕೂತಳು.

ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಹುರುಪೆ ಎಲ್ಲಿ ಕಾಣಬೇಕು, ಮಗಳ ಹೊಟ್ಟೆಯೇ ಕಂಡಿತು. ಹರಡು, ಒಂಚೂರಾದರೂ ಹರಡು ಎಂದು ಒಳಗೊಳಗೇ ಗೋಗರೆದಳು. ಬೆಳಕಿನ ತಿರುಪನ್ನು ತುಸು ಇಳಿಸಿದಳು. ಚುಕ್ಕಿಯ ಅಂಚು ಮಸುಕಾಯಿತು. ಮಸುಕಾದದ್ದು ಹರಡಿದಂತೆ ಕಂಡಿತು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ, ಹೆತ್ತ ಕರುಳಿನ ಕಥೆಯೂ ಅಷ್ಟೇ. ಮೂರು ಎಂದು ಬರೆದಳು. ಪಕ್ಕದ್ದಕ್ಕೆ ನಾಲ್ಕು. ಇಪ್ಪತ್ತು ಹುರುಪೆ ಮುಗಿಸಿ ಕೆಳಗೆ ಸಹಿ ಹಾಕಿದಳು. ಗುಳಿಗೆಯಿಂದ ಕೆಟ್ಟ ಪರಿಣಾಮ ಕಂಡುಬಂದಿಲ್ಲ ಎಂದು ಮೇಡಂ ಟೈಪು ಮಾಡಿದರು. ನೀವು ನೋಡಿದ ಮೇಲೆ ಮುಗೀತು ಬಿಡಿ ಎಂದರು.

ಸಂಜೆ ಮನೆಗೆ ಬಂದಾಗ ಮಗಳು ಚಹಾದಲ್ಲಿ ಎರಡು ಗುಳಿಗೆ ಕದಡುತ್ತಿದ್ದಳು.

“ಏನಾಯ್ತಮ್ಮ ನಿನ್ನ ಮೀನಿನ ಪರೀಕ್ಷೆ?”

“ಎಲ್ಲ ಸರಿ ಇದೆ. ಏನೂ ಆಗಿಲ್ಲ,” ಎಂದಳು. ಎನ್ನುತ್ತಲೇ ಲೋಟ ಕಸಿದು ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದಳು. ಡಬ್ಬವನ್ನೂ ಬೋರಲು ಹಾಕಿ ನಲ್ಲಿ ಬಿಟ್ಟಳು.

ಮಗಳು ನೋಡುತ್ತ ನಿಂತಳು. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

“ಸರಿ ಇದ್ರೆ ಯಾಕೆ ಚೆಲ್ತಿದೀಯ?”

ಚುಕ್ಕಿ ಅಕ್ಕ ಕರಗದ ಗುಳಿಗೆಗಳನ್ನು ಬೆರಳಿನಿಂದ ಮೋರಿಗೆ ನೂಕುತ್ತಿದ್ದಳು. ಕೊನೆಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು, ಬೆಳಕು ಇಳಿಸಿದ್ದನ್ನೂ ಬಿಡದೆ.

“ನನ್ನ ಥರ ಬಸುರಿಯರು ಊರಲ್ಲಿ ಇನ್ಯಾರೂ ಇಲ್ವಾ?” ಎಂದಳು ಮಗಳು. ಇದಕ್ಕಿಂತ ಬೈಗುಳವೇ ವಾಸಿ ಎನಿಸಿತು ಚುಕ್ಕಿ ಅಕ್ಕನಿಗೆ.

ಅಲ್ಲೇ ನಿಂತು, ಒದ್ದೆ ಕೈಯಲ್ಲೇ ಮೇಡಂಗೆ ಫೋನು ಮಾಡಿದಳು. “ಮೇಡಂ, ನಾನು ತಪ್ಪು ಬರೆದೆ. ಅದು ಹರಡಿಲ್ಲ. ಬೆಳಗ್ಗೆ ಬರೆದದ್ದೇ ನಿಜ.”

ಆ ಕಡೆ ಮೇಡಂ ದನಿ ಗಡುಸಾಯಿತು.

“ವರದಿ ಆಗಲೇ ಹೋಯ್ತು, ಕಂಪನಿಯವರು ನಿಮ್ಮ ಸಹಿ ನೋಡೇ ಒಪ್ಪಿಕೊಂಡರು. ಬೆಳಗ್ಗೆ ಒಂದು ಅಂದ್ರಿ, ಮಧ್ಯಾಹ್ನ ಮೂರು ಅಂದ್ರಿ, ಈಗ ಮತ್ತೆ ಒಂದು ಅಂತೀರಿ. ಇನ್ಮೇಲೆ ನಿಮ್ಮ ಕಣ್ಣನ್ನ ಯಾರು ನಂಬ್ತಾರೆ ಅಕ್ಕ?”

ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಮೇಡಂ ಏನಂದರೆಂದು ಕೇಳಲು ಕಾಯುತ್ತಿದ್ದಳು.